ಚೀಲದ ನಡುವಿನ ಗೋಡೆ

ಟಕ್ — ಸೂಜಿ ದಪ್ಪ ಬಟ್ಟೆಯಲ್ಲಿ ಸಿಕ್ಕಿಕೊಂಡಿತು, ಮುರಿಯಿತೋ ಏನೋ, ಇಲ್ಲ, ಮುರಿದಿಲ್ಲ, ವಾರಿಜಾ ಚಕ್ರವನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿ ಮತ್ತೆ ಪೆಡಲ್ ತುಳಿದಳು, ಹೊರಗೆ ಪಂಪ್‌ವೆಲ್‌ಗೆ ಹೋಗುವ ಸಿಟಿ ಬಸ್ಸಿನ ಹಾರ್ನ್, ಒಳಗೆ ಯಂತ್ರದ ಕಟಕಟ, ಇದೇನು ರವಿಕೆಯ ಬಟ್ಟೆಯಾ ಸಲೀಸಾಗಿ ಓಡಲಿಕ್ಕೆ, ಬಂದರಿನ ಅಬೂಬಕ್ಕರ್ ಅಂಗಡಿಯ ಕ್ಯಾನ್ವಾಸ್, ಎಂತ ಅಮ್ಮ, ದೋಣಿಗೆ ಹೊದಿಸ್ಲಿಕ್ಕಾ ಎಂದು ಕೇಳಿದ್ದರು, ಅಲ್ಲ ಮಾರಾಯ್ರೆ, ಚೀಲ ಹೊಲೀಲಿಕ್ಕೆ, ಇಷ್ಟು ದೊಡ್ಡ ಚೀಲವಾ, ಹೌದು, ಇಬ್ಬರದ್ದಲ್ವಾ — ಇಬ್ಬರದ್ದು ಎನ್ನುವಾಗ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಯಿತು, ಮೊಮ್ಮಕ್ಕಳಾದ ಮೇಲೆ ನಾಚಿಕೆ ಬಂದರೆ ಅದನ್ನು ಎಲ್ಲಿ ಇಡುವುದು, ಅಂಗಡಿಯವರಿಗೆ ಕಾಣದಂತೆ ಬಟ್ಟೆಯ ಅಂಚು ನೋಡುತ್ತಾ ನಿಂತಿದ್ದಳು. ಮಗಳು ತನ್ಮಯಿ ಮೊಬೈಲಿನಲ್ಲಿ ಹುಡುಕಿ, ಹಾಳೆ ಹಾಳೆಯಾಗಿ ಪ್ರಿಂಟ್ ತೆಗೆಸಿ, ಗಮ್ಮು ಹಾಕಿ ಜೋಡಿಸಿ ಕೊಟ್ಟ ಪ್ಯಾಟರ್ನ್ ಇದು, ಮುಂದಿನ ತುಂಡು, ಹಿಂದಿನ ತುಂಡು, ಬದಿಯ ಪಟ್ಟಿ, ಕೊನೆಗೊಂದು ಚೀಲದ ಹೊಟ್ಟೆಯನ್ನು ಎರಡು ಮಾಡುವ ನಡುವಿನ ಗೋಡೆ, ಇದು ಬೇಕಾದರೆ ಹಾಕಬಹುದಂತೆ, ನಿನಗೆ ಬೇಕಾ ಅಮ್ಮ ಎಂದು ತನ್ಮಯಿ ಕೇಳಿದರೆ ಉತ್ತರ ಬಂದದ್ದು ಜಗಲಿಯಿಂದ, ಬೇಕು ಬೇಕು, ನನ್ನ ಮಡಿ ಬಟ್ಟೆ ಬೇರೆ ಇರಬೇಕಲ್ಲ, ಯಜ್ಞನಾರಾಯಣ ಭಟ್ಟರ ಧ್ವನಿ, ಮಂತ್ರ ಹೇಳಿ ಹೇಳಿ ಗಟ್ಟಿಯಾದ ಗಂಡನ ಧ್ವನಿ. ಗೋಡೆಯ ಅಂಚು ಬದಿಯ ಹೊಲಿಗೆಯ ಒಳಗೆ ಸಿಗಬೇಕಮ್ಮ, ಮರೀಬೇಡ, ಮರೆತರೆ ಪೂರ್ತಿ ಬಿಚ್ಚಬೇಕಾಗ್ತದೆ ಎಂದಿದ್ದಳು ತನ್ಮಯಿ. ವಾರಿಜಾ ಗೋಡೆಯನ್ನೂ ಕತ್ತರಿಸಿ, ಗುಂಡುಪಿನ್ನು ಚುಚ್ಚಿ, ಮಡಚಿ ಕೈಗೆಟಕುವಲ್ಲಿ ಇಟ್ಟಿದ್ದಳು.

ರಾಮೇಶ್ವರ. ಊಟದ ಎಲೆಯ ಮುಂದೆ ಕೂತು, ಸಾರಿಗೆ ಕೈ ಹಾಕಿ, ತಲೆ ಎತ್ತದೆ ಹೇಳಿದ್ದರು ಭಟ್ಟರು, ಕೇಳಿತಾ, ರಾಮೇಶ್ವರಕ್ಕೆ ಹೋಗುವ, ಇಬ್ಬರೂ — ರಾಮೇಶ್ವರ ಎಂಬುದು ಅವಳ ಕಿವಿಗೆ ಬೀಳಲೇ ಇಲ್ಲ, ಇಬ್ಬರೂ ಎಂಬುದೊಂದೇ ಬಿದ್ದದ್ದು, ಬಡಿಸುತ್ತಿದ್ದ ಸೌಟು ಹಾಗೇ ನಿಂತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇವಳ ಪಾಲಿಗೆ ಪೂಜಾರಿ ಕೊಡುತ್ತಿದ್ದರೋ ಏನೋ, ದೇವರೇ ರಜೆ ಕೊಡಲಿಲ್ಲ, ದೇವಸ್ಥಾನದಲ್ಲಿ ದಿನಕ್ಕೆ ಮೂರು ಪೂಜೆ, ಅಭಿಷೇಕ, ನೈವೇದ್ಯ, ತಮ್ಮನ ಮದುವೆಗೆ ಅವಳೊಬ್ಬಳೇ, ಮಗಳ ಬಾಣಂತನಕ್ಕೆ ಅವಳೊಬ್ಬಳೇ, ಅಕ್ಕ, ಭಾವ ಬರಲಿಲ್ವಾ ಎಂದು ಯಾರಾದರೂ ಕೇಳಿದರೆ ನಕ್ಕು, ದೇವರನ್ನು ಯಾರು ನೋಡಿಕೊಳ್ಳುವುದು ಎನ್ನುತ್ತಿದ್ದಳು, ನನ್ನನ್ನು ಯಾರು ನೋಡಿಕೊಳ್ಳುವುದು ಎಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ, ಮಂಗಳೂರಿನಲ್ಲೇ ಮುದುಕಿಯಾದರೂ ಗಂಡನ ಜೊತೆ ಒಂದು ಸಂಜೆ ಕಡಲ ಬದಿಗೆ ಹೋದವಳಲ್ಲ. ಈಗ ಗಂಡನ ಅಣ್ಣನ ಮಗ ವಿಭವ ಪೂಜೆ ವಹಿಸಿಕೊಂಡಿದ್ದಾನೆ, ದೇವರಿಗೂ ಹೊಸ ಭಟ್ಟರು ಅಭ್ಯಾಸವಾಗಿರಬೇಕು — ಕಟಕಟ ಕಟಕಟ, ಬದಿಯ ಪಟ್ಟಿ ನೆಟ್ಟಗೆ ಹೋಗುತ್ತಿದೆ, ಮೂಲೆ ಬಂತು, ಸೂಜಿ ಇಳಿಸಿ ಬಟ್ಟೆ ತಿರುಗಿಸಬೇಕು, ತಿರುಗಿತು — ಒಮ್ಮೆ ಮಾತ್ರ ಇಬ್ಬರೂ ಒಟ್ಟಿಗೆ ಪ್ರಯಾಣ ಮಾಡಿದ್ದುಂಟಲ್ಲ, ಮದುವೆಯಾದ ಹೊಸತು, ತವರಿನಿಂದ ಬಸ್ಸಿನಲ್ಲಿ ಬರುವುದು, ಕೂಳೂರಿನ ಸೇತುವೆ, ಕಿಟಕಿಯ ಹತ್ತಿರ ಇವಳು, ಆಚೆ ಅವರು, ನಡುವೆ ಸೀಟಿನ ಮೇಲೆ ಅವರ ಮಡಿ ಬಟ್ಟೆಯ ಚೀಲ, ಅದಕ್ಕೂ ಒಂದು ಟಿಕೆಟ್ ತೆಗೀರಿ ಎಂದು ಕಂಡಕ್ಟರ್ ತಮಾಷೆ ಮಾಡಿದ್ದ, ಹೊಳೆಯ ಗಾಳಿಗೆ ಇವಳ ಸೆರಗು ಹಾರಿ ಚೀಲದ ಮೇಲೆ ಬಿತ್ತು, ಅವರು ಅತ್ತ ಇತ್ತ ನೋಡಿ, ಎರಡೇ ಬೆರಳಲ್ಲಿ ಎತ್ತಿ ಇವಳ ಮಡಿಲಿಗೆ ಹಾಕಿದರು, ಕೋಪವಿರಲಿಲ್ಲ, ಎಷ್ಟು ಮೆಲ್ಲಗೆ ಎತ್ತಿದರು, ಅಷ್ಟು ಮೆಲ್ಲಗೆ ಎತ್ತುವವರು ಒಂದು ಕ್ಷಣ ಬಿಟ್ಟಿದ್ದರೆ ಎಂತ ಆಗುತ್ತಿತ್ತು, ನೀರು ಹೊಳೆಯುತ್ತಿತ್ತು, ತೆಂಗಿನ ಸಾಲು ಹಿಂದೆ ಹೋಗುತ್ತಿತ್ತು, ನೋಡಿ ಎಷ್ಟು ಚಂದ ಎನ್ನಬೇಕೆಂದಿದ್ದಳು, ಎನ್ನಲಿಲ್ಲ, ಸೇತುವೆ ಮುಗಿಯಿತು. ಎರಡನೆಯ ಬದಿಯೂ ಮುಗಿಯಿತು, ಅಡಿಯೂ ಮುಗಿಯಿತು, ಗಟ್ಟಿಗೆ ಬರಲೆಂದು ಅದರ ಮೇಲೇ ಇನ್ನೊಂದು ಹೊಲಿಗೆ.

ನೂಲು ಕತ್ತರಿಸಿ ಚೀಲವನ್ನು ಮಗುಚಿದಳು, ಎಷ್ಟು ಚಂದ ನಿಂತಿತು, ಅಳತೆ ನೋಡಲೆಂದು ತನ್ನ ಹಸಿರು ಸೀರೆ ಮಡಚಿ ಒಳಗಿಟ್ಟಳು, ಕತ್ತರಿ ಇಡಲು ಹೋದ ಕೈಗೆ ಏನೋ ಚುಚ್ಚಿತು, ಗುಂಡುಪಿನ್ನು, ಗೋಡೆ, ಅಯ್ಯೋ ದೇವರೇ, ಗೋಡೆ ಇಲ್ಲೇ ಉಂಟು. ಮರೆತದ್ದಾ. ಮರೆತದ್ದೇ, ಯೋಚನೆಯಲ್ಲಿ ಕೂಳೂರಿಗೆ ಹೋದವಳಿಗೆ ಹೊಲಿಗೆ ಎಲ್ಲಿ ನೆನಪು — ನಿಜವಾಗಿ ಮರೆತದ್ದಾ ವಾರಿಜಾ, ಕೈಗೆಟಕುವಲ್ಲೇ ಇತ್ತಲ್ಲ, ಮೂಲೆ ತಿರುಗಿಸುವಾಗ ಕಣ್ಣಿಗೆ ಬಿದ್ದಿರಲಿಲ್ವಾ, ಗೊತ್ತಿಲ್ಲ, ಗೊತ್ತಿಲ್ಲ, ಒಂದು ಮಾತ್ರ ಗೊತ್ತು, ಇದನ್ನು ಬಿಚ್ಚಲು ಅವಳಿಗೆ ಮನಸ್ಸಿಲ್ಲ, ಈ ಒಂದು ಪ್ರಯಾಣವಾದರೂ ಭಟ್ಟರ ಹೆಂಡತಿಯಾಗಿ ಅಲ್ಲ, ಬರೀ ಹೆಂಡತಿಯಾಗಿ ಹೋಗಬೇಕು, ಅವರ ಬಟ್ಟೆಯ ಪಕ್ಕ ತನ್ನ ಬಟ್ಟೆ ಇರಬೇಕು, ಇಷ್ಟು ಸಣ್ಣ ಆಸೆಯನ್ನು ಹೇಳಲು ಬಾಯಿ ಬರುವುದಿಲ್ಲವಲ್ಲ. ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. ಆಯ್ತಾ ಚೀಲ, ಭಟ್ಟರು ಬಗ್ಗಿ ಒಳಗೆ ನೋಡಿದರು, ಮತ್ತೆ ಗೋಡೆ ಎಲ್ಲಿ, ಹಾಕ್ಲಿಕ್ಕೆ ಮರೆತುಹೋಯ್ತು, ಬಿಚ್ಚಿ ಹಾಕ್ತೇನೆ, ಎಷ್ಟು ಬಿಚ್ಚಬೇಕು, ಎರಡು ಬದಿಯೂ, ಅಡಿಯೂ, ಅಷ್ಟೂ ಪುನಃ ಹೊಲೀಬೇಕಾ, ಹೌದು. ಭಟ್ಟರು ತಿರುಗಿ ಹಿತ್ತಿಲಿಗೆ ಹೋದರು, ಸಿಟ್ಟು ಬಂತು ಕಾಣ್ತದೆ, ಬರಲಿ, ಇಲ್ಲ, ಬರಬಾರದು, ಹೊರಡುವ ಮುಂಚೆ ಸಿಟ್ಟು ಬೇಡ, ವಾರಿಜಾ ಬ್ಲೇಡ್ ತೆಗೆದು ಮೂಲೆಯ ಮೊದಲ ನೂಲಿಗೆ ಇಟ್ಟಳು, ನೂಲು ಕಣ್ಣಿಗೆ ಮಂಜಾಯಿತು, ಕತ್ತರಿಸಬೇಕು, ಈಗ ಕತ್ತರಿಸಬೇಕು.

ಬಿಡು, ಎಂದರು ಭಟ್ಟರು, ಹಿಂದೆಯೇ ನಿಂತಿದ್ದರು, ಬಿಚ್ಚಿ ಎಂತಕ್ಕೆ ಕಣ್ಣು ಹಾಳು ಮಾಡ್ತೀ, ಅಲ್ಲಿ ಸಮುದ್ರಕ್ಕೆ ಇಳಿಯುವಾಗ ನಿನ್ನದೂ ಒದ್ದೆ, ನನ್ನದೂ ಒದ್ದೆ, ಮತ್ತೆ ಮಡಿಗೆ ಎಂತ ಕಡಿಮೆ, ಹಿಡಿ, ನೀನೇ ಇಡು. ಅವರ ಕೈಯಲ್ಲಿ ಪಂಚೆ, ಮಡಿ ಒಣಗಿಸುವ ಬಿದಿರ ಗಳದಿಂದ ಈಗಷ್ಟೇ ತೆಗೆದದ್ದು, ಮಡಚಲಿಕ್ಕೂ ನಿಲ್ಲದೆ ಹೇಗೋ ಸುತ್ತಿಕೊಂಡು ತಂದದ್ದು, ಕೊಳೆಯಾದಾಗ ಈ ಪಂಚೆಯನ್ನು ಎಷ್ಟು ಸಲ ಒಗೆದಿಲ್ಲ ಇವಳು, ಆಮೇಲೆ ಅವರೇ ಇನ್ನೊಮ್ಮೆ ನೀರಲ್ಲಿ ಅದ್ದಿ, ಕೋಲಿನಿಂದ ಎತ್ತರದ ಗಳಕ್ಕೆ ಹಾಕುತ್ತಿದ್ದರು, ಒಣಗಿದ್ದನ್ನು ಮುಟ್ಟಿದವಳಲ್ಲ, ಹಿಡಿ ಅಂದೆನಲ್ಲ, ಅವರು ಮುಖ ಬೇರೆ ಕಡೆ ತಿರುಗಿಸಿದ್ದಾರೆ, ಕಿವಿ ಕೆಂಪಾಗಿದೆ, ಬ್ಲೇಡ್ ಕೆಳಗಿಟ್ಟು ಎರಡೂ ಕೈ ಚಾಚಿದಳು, ಚೀಲ ಬಾಯಿ ತೆರೆದು ಕಾಯುತ್ತಿದೆ, ಇಡಬೇಕು, ಸೀರೆಯ ಪಕ್ಕ ಇಡಬೇಕು, ಇಡುತ್ತೇನೆ, ಒಂದು ಕ್ಷಣ, ಬೆಚ್ಚಗಿದೆ, ಬಿಸಿಲಲ್ಲಿ ಒಣಗಿದ್ದಲ್ವಾ, ಇಷ್ಟು ಬೆಚ್ಚಗಿರುತ್ತದೆಂದು ಗೊತ್ತೇ ಇರಲಿಲ್ಲ, ಒಣಗಿದ ಪಂಚೆ, ಬೆಚ್ಚಗಿದೆ, ಒಣಗಿದ ಪಂಚೆ, ಬೆಚ್ಚಗೆ —