ಪುಸಕನ ಕಂಬ

ಮಥುರೆಯ ವಿಹಾರದಲ್ಲಿ, ಸ್ತೂಪದ ಸುತ್ತಲಿನ ಕಲ್ಲಿನ ಕಟಾಂಜನದಲ್ಲಿ ಆರನೆಯ ಕಂಬ ನಾಗದಿನ್ನೆಯದು. ಶಕರ ಕುದುರೆಗಳು ಊರಬಾಗಿಲು ನುಗ್ಗಿದ ದಿನ ಅವಳ ಮಗ ಪುಸಕ ಆ ಬಾಗಿಲಲ್ಲೇ ಸತ್ತಿದ್ದ. ಹೆಣ ಕೂಡ ಸಿಗಲಿಲ್ಲ. ನಾಲ್ಕು ವರ್ಷ ನೂಲು ತೆಗೆದು ಕೂಡಿಟ್ಟ ಹಣದಲ್ಲಿ ಅವಳು ಕಂಬ ಕೊಟ್ಟಳು. ‘ನಾಗದಿನ್ನೆಯ ದಾನ, ಮಗ ಪುಸಕನ ಪುಣ್ಯಕ್ಕೆ’ ಎಂದು ಕೆತ್ತಿದ ಆ ಒಂದು ಸಾಲೇ ಮಗನದೆಂದು ಉಳಿದದ್ದು.

ಈಗ ಅದೂ ಇಲ್ಲ. ಊರನ್ನು ಆಳುವ ಶಕನ ಹೆಂಡತಿಗೆ ಬುದ್ಧನ ಮೇಲೆ ಭಕ್ತಿ ಹುಟ್ಟಿತ್ತು, ಹೊಸ ಕಂಬ ಕಡೆಯುವ ತನಕ ಕಾಯುವ ತಾಳ್ಮೆ ಮಾತ್ರ ಹುಟ್ಟಿರಲಿಲ್ಲ. ಹಿರಿಯ ಭಿಕ್ಷು ಸಂಘಿಲರು ಹಳೆಯ ಸಾಲನ್ನು ಉಜ್ಜಿಸಿ ರಾಣಿಯ ಹೆಸರು ಕೆತ್ತಿಸಿಬಿಟ್ಟರು.

“ಹೆಸರಿನ ಮೋಹ ಬಿಡಮ್ಮ. ಎಲ್ಲಾ ಅಳಿಯೋದೇ,” ಎಂದರು.

“ಹಂಗಾದ್ರೆ ಅವಳದ್ಯಾಕೆ ಕೆತ್ತಿದ್ರಿ ಸ್ವಾಮಿ? ಮೋಹ ಬಿಡೋಕೆ ನಾವು ಬಡವರೇ ಸಿಕ್ಕಿದ್ವಾ ನಿಮ್ಗೆ?”

ಸಂಘಿಲರು ಒಳಗೆ ನಡೆದರು. ರಾಣಿಯ ಹೆಸರು ಕೆತ್ತಿದ ಕಲ್ಲುಕುಟಿಗ ದೇವಿಲ ಅವಳನ್ನು ಪಕ್ಕಕ್ಕೆ ಕರೆದ. “ಅಕ್ಕಾ, ಕಂಬದ ಬುಡ ಅಗೆದು, ಮಣ್ಣೊಳಗಿರೋ ಕಡೆ ನಿನ್ನ ಮಗನ ಹೆಸರು ಕೆತ್ತಿ ಮುಚ್ಚಿದ್ದೀನಿ. ಯಾರಿಗೂ ಕಾಣಲ್ಲ.”

“ಮುಚ್ಚಿಡೋಕೆ ನನ್ನ ಮಗ ಏನು ಕಳ್ಳತನ ಮಾಡಿದ್ನೇನೋ?”

ದೇವಿಲ ಒಳ್ಳೆಯವನೇ. ಆದರೆ ಹೆದರಿದವರ ಒಳ್ಳೆಯತನ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಹುಣ್ಣಿಮೆಯ ಬೆಳಿಗ್ಗೆ ಅವಳು ಆ ಕಂಬದ ಪಕ್ಕ ನಿಂತಳು. ಪ್ರದಕ್ಷಿಣೆಗೆ ಬಂದವರಿಗೆಲ್ಲ ಅಳಿದ ಸಾಲನ್ನು ಕೂಗಿ ಹೇಳಿದಳು. ಕೊನೆಗೆ ರಾಣಿಯೇ ಬಂದಳು. ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ, ನಮ್ಮವರ ಹಾಗೆ ಹೂ ಮುಡಿದು, ಹಿಂದೊಬ್ಬ ಕಾವಲಿನವನನ್ನು ಕಟ್ಟಿಕೊಂಡು ಬಂದವಳು ತನ್ನ ಹೆಸರನ್ನು ಪ್ರೀತಿಯಿಂದ ಮುಟ್ಟಿದಳು.

“ಇದು ನನ್ನ ಮಗನ ಕಂಬ! ಅವನನ್ನ ಕೊಂದಿದ್ದು ನಿನ್ನ ಗಂಡನ ಸೈನ್ಯ!”

ಮಾತು ತಿಳಿಯದೆ ರಾಣಿ ಪಕ್ಕದಲ್ಲಿದ್ದ ಸಂಘಿಲರತ್ತ ತಿರುಗಿದಳು. ಉತ್ತರದಲ್ಲಿ ಅಲೆದ ಅವರಿಗೆ ಶಕರ ಮಾತು ಬರುತ್ತಿತ್ತು. ಅವರು ಮೆಲ್ಲಗೆ ಏನೋ ಹೇಳಿದರು. ರಾಣಿಯ ಮುಖ ಅರಳಿತು. ಕೈಮುಗಿದು, ತನ್ನ ಉಣ್ಣೆಯ ಶಾಲನ್ನು ತೆಗೆದು ನಾಗದಿನ್ನೆಗೆ ಹೊದಿಸಿದಳು.

“ಏನಂದ್ರಿ ಅವಳಿಗೆ?”

“ನೀನು ಅವಳಿಗೆ ಆಶೀರ್ವಾದ ಮಾಡ್ತಿದ್ದೀಯ ಅಂದೆ. ಸುಮ್ನಿರು ತಾಯಿ, ತಲೆ ಉಳೀಲಿ.”

ನಾಗದಿನ್ನೆ ಶಾಲನ್ನು ಕಿತ್ತು ನೆಲಕ್ಕೆ ಎಸೆದಳು. ಕಾವಲಿನವನ ಸೊಂಟದ ಕತ್ತಿಯನ್ನು ತೋರಿಸಿದಳು. ತನ್ನ ಹೊಟ್ಟೆ ಮುಟ್ಟಿಕೊಂಡಳು. ಕೊರಳಿಗೆ ಅಡ್ಡ ಬೆರಳೆಳೆದು, ರಾಣಿಯ ಹೆಸರಿನ ಮೇಲೆ ಅಂಗೈಯಿಟ್ಟಳು.

ರಾಣಿಯ ನಗು ನಿಂತಿತು. ಸಂಘಿಲರತ್ತ ನೋಡಿದಳು, ಅವರು ನೆಲ ನೋಡುತ್ತಿದ್ದರು. ಕಂಬದಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ಪುಸಕ,” ಎಂದಳು ನಾಗದಿನ್ನೆ. “ಹೇಳು. ಪುಸಕ.”