ಒಳಗಿನ ಪಟ್ಟಿ

"ಏನೇ ಬೋಳಿ, ಹೊರೆ ಎತ್ತೋ ಹೊತ್ತಿಗೆ ಸರಿಯಾಗಿ ಕುಕ್ಕುರುಗಾಲಲ್ಲಿ ಕೂರ್ತೀಯಲ್ಲ! ಮೊಟ್ಟೆ ಇಡ್ತಿದ್ದೀಯಾ?"

ಮೇಸ್ತ್ರಿಯ ಮಾತಿಗೆ ತೊಗಲು ಮಂಡಿಯ ಗಂಡಸರೆಲ್ಲ ನಕ್ಕರು. ಉಪ್ಪು ಹಚ್ಚಿದ ಹಸಿ ತೊಗಲಿನ ರಾಶಿಯ ಹಿಂದೆ ಕೂತವಳು ಸೀರೆಯೊಳಗೆ ಕೈ ಹಾಕಿ, ಕೆಳಗೆ ಜಾರಿದ್ದ ಗರ್ಭಕೋಶವನ್ನು ಒಳಕ್ಕೆ ತಳ್ಳಿ, ಬಟ್ಟೆ ಬಿಗಿದುಕೊಂಡು ಎದ್ದಳು. ಕೊನೆಯ ಹೆರಿಗೆಯ ಹಸಿ ಮೈಯಲ್ಲೇ ಹೊರೆ ಹೊತ್ತವಳು. ಅಂದಿನಿಂದ ಅದು ಜಾರುತ್ತಲೇ ಇತ್ತು. ಮಂಡಿ ಅವಳಿಗೆ ಕುಕ್ಕುರಕ್ಕ ಎಂದು ಹೆಸರಿಟ್ಟಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಗಂಡನಿಗೂ ಮರೆತಿರಬೇಕು. ಅವನು ನಾತ ಎಂದು ತನ್ನ ಹಾಸಿಗೆಯನ್ನು ಬಾಗಿಲಾಚೆ ಒಯ್ದಿದ್ದ. ಬುತ್ತಿ ಬಿಚ್ಚುವಾಗ ಜೊತೆಯ ಹೆಂಗಸರೂ ಒಂದು ಮಾರು ದೂರ. ತೊಗಲಿನ ನಾತದಲ್ಲೇ ಹುಟ್ಟಿ ಬೆಳೆದ ಮೂಗುಗಳಿಗೆ ಇವಳದ್ದು ಮಾತ್ರ ಹೇಗೆ ತಾಕುತ್ತಿತ್ತೋ!

ಮೂತ್ರ ಕಟ್ಟಿ ಬಿದ್ದ ದಿನ ಆಸ್ಪತ್ರೆ ಸೇರಿದಳು. ದೊಡ್ಡ ಡಾಕ್ಟರು ಅವಳ ಸೀರೆ ಎತ್ತಿ, ಕಲಿಯುವ ಹುಡುಗರನ್ನು ಹತ್ತಿರ ಕರೆದು ತೋರಿಸಿದರು. ಆಗಬಹುದಾ ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳು ಗೋಡೆ ನೋಡಿದಳು.

"ಮೇಲಕ್ಕೆತ್ತಿ ಹೊಲೀತೀವಿ. ಆಧಾರಕ್ಕೆ ಒಂದು ಪಟ್ಟಿ ಇಡ್ತೀವಿ, ದನದ ಪೊರೆಯಿಂದ ಮಾಡಿದ್ದು," ಎಂದರು ಡಾಕ್ಟರು.

"ದನದ್ದಾ?" ಆಗ ಅವಳು ಬಾಯಿ ಬಿಟ್ಟಳು. "ಉಪ್ಪು ಚೆನ್ನಾಗಿ ಹಚ್ಚಿದೀರಾ ಸಾರ್? ಇಲ್ಲಾಂದ್ರೆ ಕೊಳೆತುಹೋಗುತ್ತೆ."

ಗುಂಪು ಗೊಳ್ಳೆಂದಿತು. ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಎಲ್ಲರೂ ಹೋದ ಮೇಲೆ ನರ್ಸು ಹೊದಿಕೆ ಎಳೆದು ಮುಚ್ಚಿದಳು.

"ಅದನ್ನ ಶುದ್ಧ ಮಾಡಿರ್ತಾರೆ ಅಕ್ಕ, ಕೊಳೆಯಲ್ಲ. ನಿಮ್ಮ ಮಾಂಸ ಅದರೊಳಗೇ ಬೆಳ್ಕೊಳ್ಳುತ್ತೆ. ಆದ್ರೆ ಇನ್ಮೇಲೆ ಭಾರ ಎತ್ತಬೇಡಿ. ಮತ್ತೆ ಜಾರಿದ್ರೆ ತುಂಬಾ ಕಷ್ಟ."

ಎಷ್ಟೋ ವರ್ಷಗಳ ಮೇಲೆ ಅವಳನ್ನು ಒಬ್ಬರು ಬರೀ ಅಕ್ಕ ಎಂದಿದ್ದರು. ಅವಳು ಅತ್ತಳು.

ಆಪರೇಷನ್ನಿನ ಗಾಯ ಮಾಗಿದ ಮೇಲೆ ಮಂಡಿಗೆ ಬಂದು, ಉಪ್ಪು ಎರಚುವ ಕೆಲಸ ಕೊಡಿ ಎಂದು ಧಣಿಯ ಮುಂದೆ ನಿಂತಳು. ಲಾರಿ ತುಂಬಿಸುತ್ತಿದ್ದರು.

"ಒಳಗೂ ತೊಗಲು ಹಾಕಿಸ್ಕೊಂಡು ಬಂದಿದ್ದೀಯಂತೆ! ಹಂಗಾದ್ರೆ ಇನ್ನೂ ಗಟ್ಟಿಯಾದೆ ಬಿಡು. ಹೊರು. ಆಗಲ್ವಾ, ಬಾಗಿಲು ಅಲ್ಲಿದೆ," ಎಂದ ಧಣಿ.

ಮಂಡಿಯಲ್ಲಿ ಹೊರೆಯನ್ನು ಹೊರುವವಳೇ ಎತ್ತಿಕೊಳ್ಳುವುದಿಲ್ಲ. ಇಬ್ಬರು ಎತ್ತಿ ಹಿಡಿಯುತ್ತಾರೆ, ಅವಳು ಅಡಿಗೆ ಬಂದು ತಲೆ ಕೊಡಬೇಕು. ಇಬ್ಬರು ಹೆಂಗಸರು ಅವಳ ಮುಖ ನೋಡದೆ ತೊಗಲು ಎತ್ತಿದರು.

"ಬೇಗ ತಲೆ ಕೊಡೇ," ಎಂದಳು ಒಬ್ಬಳು.

ಅವಳು ಅಡಿಗೆ ಬಂದಳು. ಉಪ್ಪುನೀರು ಹಣೆಗೆ ತೊಟ್ಟಿಕ್ಕಿತು. ಮೇಲಿದ್ದವರು ಕೈ ಸಡಿಲಿಸುತ್ತಿದ್ದಂತೆ ಹಿಂದಕ್ಕೆ ಸರಿದಳು. ತೊಗಲು ಧಪ್ಪೆಂದು ಧಣಿಯ ಕಾಲ ಬಳಿ ಬಿತ್ತು. ಅವನ ಬಿಳಿ ಪ್ಯಾಂಟಿನ ತುಂಬ ರಕ್ತದ ನೀರು ಸಿಡಿಯಿತು.

"ಲೇ ಮುಂಡೆ!"

"ಇದು ಕಿತ್ರೆ ಹೊಲಿಯೋಕೆ ನಿಮ್ಮಪ್ಪ ಬರ್ತಾನಾ?"

ಅವಳು ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ಕೇಳಿದಳು. ಲಾರಿಗೆ ಹತ್ತುವ ಹಲಗೆಗೆ ಅಡ್ಡವಾಗಿ ಆ ತೊಗಲನ್ನು ಕಾಲಿನಿಂದ ಬಿಡಿಸಿ ಹಾಸಿದಳು. ಅದರ ನಡುವೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಅವಳು ಹಾಗೆ ಕೂತದ್ದನ್ನು ಮಂಡಿ ಕಂಡೇ ಇರಲಿಲ್ಲ.

ಮೇಸ್ತ್ರಿ ಅಂಗಿಯ ತೋಳು ಮಡಚುತ್ತ ಬಂದ. ಹೊರೆ ಎತ್ತಿದ್ದ ಇಬ್ಬರೂ ಬರಿಗೈಯಲ್ಲಿ ನಿಂತಿದ್ದರು, ಒಂದು ಮಾರು ದೂರದಲ್ಲಿ. ತೊಗಲಿನ ಮೇಲೆ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು.